ಹದಿನೆಂಟು ದಿನದ ರಜೆ

ಸಂಘದ ಸಮಾರಂಭಗಳಲ್ಲಿ ನಾವು ಕಾಣಿಸಿಕೊಂಡರೆ ಸಾಕು, ಆಫೀಸಿನ ಮಿತ್ರರು ಯಾರಾದರೂ ಒಬ್ಬರು ಬೆನ್ನು ತಟ್ಟಿ ಹೇಳುವುದುಂಟು: "ನಿಮಗೇನ್ರೀ, ಮೇಷ್ಟ್ರುಗಳು! ಬೇಸಗೆಯೊಂದರಲ್ಲೇ ಐವತ್ತು ದಿನ ರಜಾ. ಊರಿಗೆ ಹೋಗಿ ಹಲಸಿನ ಹಣ್ಣು ತಿಂದುಕೊಂಡು ಕೂತಿರಬಹುದು." ಹೀಗೆ ಹೇಳುವವರ ಮೇಲೆ ನಮಗೆ ಕೋಪವಿಲ್ಲ. ಅವರ ಲೆಕ್ಕದಲ್ಲಿ ತಪ್ಪೂ ಇಲ್ಲ. ದಿಲ್ಲಿಯ ಸರ್ಕಾರಿ ಶಾಲೆಗಳಿಗೆ ಈಚಿನ ವರ್ಷಗಳಲ್ಲಿ ಮೇ 11ರಿಂದ ಜೂನ್ 30ರವರೆಗೆ ರಜೆ. ಎಣಿಸಿದರೆ ಐವತ್ತೊಂದು ದಿನವಾಗುತ್ತದೆ. ಆದರೆ ಆ ಐವತ್ತೊಂದರಲ್ಲಿ ನಮ್ಮ ಪಾಲಿಗೆ ನಿಜವಾಗಿ ಬರುವುದು ಎಷ್ಟು ಎಂಬುದನ್ನು ಒಮ್ಮೆ ಬಿಡಿಸಿ ಹೇಳಬೇಕೆಂದು ಬಹಳ ದಿನಗಳಿಂದ ಆಸೆಯಿತ್ತು. ಈ ಸಂಚಿಕೆಯಲ್ಲಿ ಅದಕ್ಕೆ ಎಡೆ ಸಿಕ್ಕಿತು.

ನಾವೆಂದರೆ ನಾವಿಬ್ಬರು. ಒಬ್ಬರು ಇಂಗ್ಲಿಷ್ ಕಲಿಸುವವರು, ಇನ್ನೊಬ್ಬರು ಗಣಿತ. ಇಬ್ಬರ ಶಾಲೆಯೂ ಸರ್ಕಾರಿ ಶಾಲೆಯೇ, ಬೇರೆ ಬೇರೆ. ಮನೆ ರಾಮಕೃಷ್ಣಪುರದಲ್ಲಿ, ಮೂರನೆಯ ಮಹಡಿ. ಊರು ಉಡುಪಿಯಿಂದ ಬ್ರಹ್ಮಾವರದ ಕಡೆಗೆ. ಅಲ್ಲಿ ಅಮ್ಮ ಇದ್ದಾರೆ. ನಮ್ಮಲ್ಲೊಬ್ಬರಿಗೆ ಅವರು ತಾಯಿ, ಇನ್ನೊಬ್ಬರಿಗೆ ಅತ್ತೆ. ಕರೆಯುವಾಗ ಇಬ್ಬರಿಗೂ ಅಮ್ಮನೇ.

ಕರ್ನಾಟಕದ ಶಾಲೆಗಳು ಬೇಸಗೆ ರಜೆಗೆ ಮುಚ್ಚುವುದು ಏಪ್ರಿಲ್ ಎರಡನೆಯ ವಾರದಲ್ಲಿ. 2024ರಲ್ಲಿಯೂ 2025ರಲ್ಲಿಯೂ ಮೇ 28ಕ್ಕೆ ರಜೆ ಮುಗಿದು 29ಕ್ಕೆ ಬಾಗಿಲು ತೆರೆಯಿತು. ನಮ್ಮ ರಜೆ ಹುಟ್ಟುವುದು ಮೇ 11ಕ್ಕೆ. ಈ ಎರಡು ಪಂಚಾಂಗಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಎರಡಕ್ಕೂ ಸಾಮಾನ್ಯವಾಗಿ ಉಳಿಯುವುದು ಮೇ 11ರಿಂದ 28ರವರೆಗಿನ ಹದಿನೆಂಟು ದಿನ. ಅಣ್ಣನ ಮಕ್ಕಳು, ಅಕ್ಕನ ಮಕ್ಕಳು, ಊರಲ್ಲೇ ಮೇಷ್ಟ್ರಾಗಿರುವ ಭಾವ, ಇವರೆಲ್ಲರೂ ನಮ್ಮ ಜೊತೆಗೆ ಒಂದೇ ಜಗಲಿಯಲ್ಲಿ ಕುಳಿತು ಉಣ್ಣಬಹುದಾದ ಕಾಲ ಅಷ್ಟೇ. ಅದರಲ್ಲಿಯೂ ಮೊದಲ ಒಂದೂವರೆ ದಿನ ರೈಲಿನ ಪಾಲು. ಅದಾದ ಮೇಲಿನ ಜೂನ್ ತಿಂಗಳೆಲ್ಲ ನಮಗೆ ರಜೆ, ಅವರಿಗೆ ಶಾಲೆ. ಬೆಳಗ್ಗೆ ಎಂಟೂವರೆಗೆ ಮಕ್ಕಳು ಕೊಡೆ ಹಿಡಿದು ಹೊರಟುಹೋದ ಮೇಲೆ ನಾವು, ಅಮ್ಮ, ಮಳೆ.

ಈ ವ್ಯತ್ಯಾಸಕ್ಕೆ ಯಾರನ್ನೂ ದೂರುವಂತಿಲ್ಲ. ಕಾರಣ ಮಳೆಯೇ. ಮುಂಗಾರು ಸಾಮಾನ್ಯವಾಗಿ ಜೂನ್ 1ಕ್ಕೆ ಕೇರಳವನ್ನು ಮುಟ್ಟಿ, ಮೂರು ನಾಲ್ಕು ದಿನಗಳಲ್ಲಿ ನಮ್ಮ ಕರಾವಳಿಗೆ ಬರುತ್ತದೆ. ಅದೇ ಮಳೆ ದಿಲ್ಲಿಯನ್ನು ತಲುಪುವ ವಾಡಿಕೆಯ ದಿನ ಜೂನ್ 27. ಬಿಸಿಲು ಮುಗಿದು ಮಳೆ ಹಿಡಿಯುವಾಗ ಶಾಲೆ ತೆರೆಯಬೇಕೆಂಬುದು ಅಲ್ಲಿಗೂ ಇಲ್ಲಿಗೂ ಒಂದೇ ನ್ಯಾಯ. ಮಳೆ ಮಾತ್ರ ಉಡುಪಿಯಿಂದ ದಿಲ್ಲಿಗೆ ನಡೆದುಕೊಂಡು ಬರಲು ಮೂರು ವಾರಕ್ಕೂ ಮೇಲೆ ತೆಗೆದುಕೊಳ್ಳುತ್ತದೆ. ನಾವು ರೈಲಿನಲ್ಲಿ ಒಂದೂವರೆ ದಿನದಲ್ಲಿ ದಾಟುವ ದಾರಿಯದು.

ನಮಗಾದರೂ ಹದಿನೆಂಟು ದಿನವುಂಟು. ಗುರುಗ್ರಾಮದ ಕಡೆ ಸರ್ಕಾರಿ ಶಾಲೆಯಲ್ಲಿರುವವರ ಪಾಡು ನೋಡಿ. ಹರಿಯಾಣದ ವಾಡಿಕೆಯ ರಜೆ ಜೂನ್ 1ರಿಂದ 30. ಕರ್ನಾಟಕದ ರಜೆಯೊಡನೆ ಕೂಡಿಸಿದರೆ ಉಳಿಯುವುದು ಸೊನ್ನೆ. ಯಮುನೆಯ ಆಚೆ ನೋಯ್ಡಾದಲ್ಲಿ ಉತ್ತರ ಪ್ರದೇಶದ ಲೆಕ್ಕ ಮತ್ತೊಂದು ಬಗೆ. ಮೆಟ್ರೋದಲ್ಲಿ ಒಂದು ಗಂಟೆ ಕೂತರೆ ಮೂರು ರಾಜ್ಯಗಳ ಮೂರು ರಜೆಗಳನ್ನು ದಾಟಿಬಿಡಬಹುದು.

ಹಾಗಾದರೆ ಬೇರೆ ಸಮಯದಲ್ಲಿ ರಜಾ ಹಾಕಿ ಹೋಗಬಾರದೇ ಎಂದು ಕೇಳಬಹುದು. ಸರ್ಕಾರದ ಕಡತದಲ್ಲಿ ನಮ್ಮಂಥವರಿಗೆ 'ವೆಕೇಶನ್ ಡಿಪಾರ್ಟ್‌ಮೆಂಟ್' ಎಂದು ಹೆಸರು. ಕೇಳಿದರೆ ಯಾವುದೋ ವಿಹಾರದ ಇಲಾಖೆಯಂತೆ ತೋರುತ್ತದೆ. ಅದರ ಅರ್ಥ ಇಷ್ಟೇ: ಬೇಸಗೆಯಲ್ಲಿ ಇವರಿಗೆ ಶಾಲೆ ಮುಚ್ಚಿರುತ್ತದೆ, ಆದ್ದರಿಂದ ಆಫೀಸಿನವರಿಗೆ ವರ್ಷಕ್ಕೆ ಮೂವತ್ತು ದಿನದಂತೆ ಜಮೆಯಾಗುವ ಗಳಿಕೆ ರಜೆ ಇವರಿಗೆ ಹಾಗೆ ಜಮೆಯಾಗುವುದಿಲ್ಲ. 1956ರಿಂದ ನೌಕರರಿಗೆ ಊರಿಗೆ ಹೋಗಿಬರಲು ಪ್ರಯಾಣದ ರಿಯಾಯಿತಿಯನ್ನು ಕೊಟ್ಟಿದ್ದಾರೆ. ಎರಡು ವರ್ಷಕ್ಕೊಮ್ಮೆ ರೈಲಿನ ಹಣ ಬರುತ್ತದೆ. ಹಣ ಸಿಕ್ಕಿತು, ದಿನ ಸಿಕ್ಕಲಿಲ್ಲ. ದಸರಾ ಸಮಯದಲ್ಲಿ ಕರ್ನಾಟಕದ ಮಕ್ಕಳಿಗೆ ಎರಡು ವಾರಕ್ಕೂ ಮೇಲೆ ಬಿಡುವಿದ್ದರೆ ನಮಗೆ ಆಗ ಇರುವುದು ಮೂರು ದಿನ. ಜನವರಿಯ ಚಳಿ ರಜೆಯನ್ನಾದರೂ ನಂಬೋಣವೆಂದರೆ 2023ರಲ್ಲಿ ನವೆಂಬರಿನ ಹೊಗೆ ವಿಪರೀತವಾಗಿ ಆ ರಜೆಯನ್ನು ನವೆಂಬರ್ 9ರಿಂದ 18ಕ್ಕೆ ಎಳೆದು ತಂದರು. ಒಂದು ದಿನ ಮುಂಚೆ ತಿಳಿದ ರಜೆಗೆ ಎಲ್ಲಿಯ ಟಿಕೆಟು! ಕಿಟಕಿ ಮುಚ್ಚಿಕೊಂಡು ಮನೆಯಲ್ಲೇ ಕೆಮ್ಮಿದೆವು.

ಜಪಾನಿನಲ್ಲಿ 1987ರಿಂದ ಒಂದು ಯೋಜನೆ ನಡೆಯುತ್ತಿದೆ. ಪರದೇಶದ ಯುವಕ ಯುವತಿಯರನ್ನು ಕರೆಸಿ ಅಲ್ಲಿಯ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲು ನೇಮಿಸುತ್ತಾರೆ. ಅವರಿಗೆ ಮಕ್ಕಳ ರಜೆ ಬೇರೆ, ಕರಾರಿನ ರಜೆ ಬೇರೆ. ಆಗಸ್ಟ್ ತಿಂಗಳಲ್ಲಿ ಮಕ್ಕಳೆಲ್ಲ ಮನೆಗೆ ಹೋದ ಮೇಲೂ ಎಷ್ಟೋ ಮಂದಿ ಖಾಲಿ ಶಾಲೆಯ ಉಪಾಧ್ಯಾಯರ ಕೋಣೆಯಲ್ಲಿ ಮೇಜಿನ ಮುಂದೆ ಕುಳಿತು ದಿನ ಕಳೆಯಬೇಕಂತೆ. ಇದನ್ನು ಓದಿದಾಗ ನಮ್ಮಲ್ಲಿ ಇಂಗ್ಲಿಷ್ ಕಲಿಸುವವರಿಗೆ ಏನೋ ಬಂಧುಗಳ ಸುದ್ದಿ ಸಿಕ್ಕಿದಂತಾಯಿತು. ಊರು ಬಿಟ್ಟು ಎರಡು ಸಾವಿರ ಕಿಲೋಮೀಟರಿಗೂ ದೂರ ಬಂದು, ಹಿಂದಿ ಮಾತಾಡುವ ಮಕ್ಕಳಿಗೆ ಕನ್ನಡಿಗರ ಬಾಯಿಂದ ಇಂಗ್ಲಿಷ್ ಹೇಳಿಕೊಡುವ ನಾವೂ ಆ ಜಾತಿಯವರೇ ಅಲ್ಲವೆ? ರಹದಾರಿ ಒಂದು ಬೇಕಿಲ್ಲ, ಅಷ್ಟೇ.

ಆಗಲಿ. ಆ ಹದಿನೆಂಟು ದಿನಗಳಲ್ಲೇ ನಾವು ಇಷ್ಟು ವರ್ಷ ಸಂಸಾರದ ನಂಟನ್ನು ನಡೆಸಿಕೊಂಡು ಬಂದಿದ್ದೇವೆ. ಏಪ್ರಿಲಿನಲ್ಲಿ ನಡೆದ ಮದುವೆಗಳ ಫೋಟೋಗಳಲ್ಲಿ ನಾವಿಲ್ಲ. ಉಪನಯನಗಳು, ಊರ ದೇವಸ್ಥಾನದ ರಥ, ವಿಷು, ಯಾವುದಕ್ಕೂ ಇಲ್ಲ. ಆಟ ನೋಡಬೇಕೆಂದರೆ ಪತ್ತನಾಜೆಯ ಮೊದಲು ಸಿಗುವ ಹತ್ತು ಹನ್ನೆರಡು ರಾತ್ರಿ. ಮೇ 24-25ರ ಹೊತ್ತಿಗೆ ಪತ್ತನಾಜೆ ಬಂದರೆ ಮೇಳಗಳು ಗೆಜ್ಜೆ ಬಿಚ್ಚಿಬಿಡುತ್ತವೆ. ಊರವರಿಗೂ ಇದು ಅಭ್ಯಾಸವಾಗಿದೆ. ಜಾಗದ ಪತ್ರಕ್ಕೆ ಸಹಿ, ಬಾವಿಯ ಹೂಳು ತೆಗೆಸುವುದು, ಅಮ್ಮನ ಕಣ್ಣಿನ ಪರೀಕ್ಷೆ, ಅಣ್ಣತಮ್ಮಂದಿರ ನಡುವಿನ ಸಣ್ಣ ಜಗಳದ ರಾಜಿ, ಎಲ್ಲವನ್ನೂ "ಡೆಲ್ಲಿಯವರು ಬಂದ ಮೇಲೆ" ಎಂದು ಕಟ್ಟಿಟ್ಟಿರುತ್ತಾರೆ. ಮಕ್ಕಳೊಡನೆ ತೋಟದಲ್ಲಿ ಕಾಟು ಮಾವಿನಹಣ್ಣು ಹೆಕ್ಕುವುದೂ ಆ ಪಟ್ಟಿಯಲ್ಲೇ ಎಲ್ಲೋ ಒಂದು ಕಡೆ ಸೇರಿಕೊಳ್ಳಬೇಕು.

2024ರ ರಜೆಗೆ ಜನವರಿಯಲ್ಲೇ ಮಂಗಳಾ ಎಕ್ಸ್‌ಪ್ರೆಸ್ಸಿಗೆ ಟಿಕೆಟು ತೆಗೆಸಿಟ್ಟಿದ್ದೆವು. ಆಗ ನೂರಿಪ್ಪತ್ತು ದಿನ ಮುಂಚಿತವಾಗಿ ತೆಗೆಸಬಹುದಿತ್ತು. ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆಯ ದಿನಗಳು ಪ್ರಕಟವಾದುವು. ಪತ್ರಿಕೆಯಲ್ಲಿ ದಿಲ್ಲಿಯ ಸಾಲನ್ನು ಹುಡುಕಿದೆವು: ಏಳು ಕ್ಷೇತ್ರ, ಆರನೆಯ ಹಂತ, ಮೇ 25. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಮೇಷ್ಟ್ರುಗಳಿಲ್ಲದೆ ಈ ದೇಶದಲ್ಲಿ ಚುನಾವಣೆಯಿಲ್ಲ. ಅದು ಹೊಣೆಯೂ ಹೌದು, ಹೆಮ್ಮೆಯೂ ಹೌದು, ತಕರಾರಿಲ್ಲ. ಒಬ್ಬರಿಗೆ ಮತಗಟ್ಟೆಯ ಕೆಲಸ ಬಂತು, ತರಬೇತಿ ಸಹಿತ. ಇನ್ನೊಬ್ಬರಿಗೆ ಮೇ ಕೊನೆಯವರೆಗೆ ಮೇಲಿನ ತರಗತಿಯ ಮಕ್ಕಳಿಗೆ ಬೇಸಗೆಯ ವಿಶೇಷ ಪಾಠ. ಹದಿನೆಂಟು ದಿನಗಳೂ ಹೋದುವು.

ಅಮ್ಮನಿಗೆ ಫೋನಿನಲ್ಲಿ ಹೇಳುವಾಗ ನಾವು ಬಹಳ ಸುತ್ತುಬಳಸಿ ಮಾತಾಡಿದೆವು. ಜೂನ್‌ನಲ್ಲಿ ಬರುತ್ತೇವೆ, ಟಿಕೆಟು ಸಿಕ್ಕರೆ, ಇತ್ಯಾದಿ. ಅವರು ಎಲ್ಲ ಕೇಳಿಸಿಕೊಂಡು, "ಜೂನ್‌ನಲ್ಲಿ ಬಂದು ಎಂತ ಮಾಡ್ತೀರಿ? ಮಕ್ಕಳೆಲ್ಲ ಶಾಲೆಗೆ ಹೋಗಿರ್ತಾವೆ. ನೀವು ಬರ್ಲಿಕ್ಕೆ ಆಗುದಿಲ್ಲಾಂತಾದ್ರೆ ನಾನೇ ಬರ್ತೇನೆ. ರೈಲು ನಿಮಗೆ ಮಾತ್ರ ಇರುದಾ?" ಎಂದರು. ಎಪ್ಪತ್ತಾರು ವರ್ಷ. ಮೇ ತಿಂಗಳ ದಿಲ್ಲಿ. ಬೇಡವೆಂದು ನಾಲ್ಕು ಸಲ ಹೇಳಿದೆವು. ಐದನೆಯ ಸಲ ಹೇಳಲಿಲ್ಲ. ಹೇಳಬೇಕಾಗಿತ್ತೋ ಏನೋ ಎಂದು ಆಮೇಲೆ ಬಹಳ ಯೋಚಿಸಿದ್ದುಂಟು.

ಮೇ 14ರ ಮಧ್ಯಾಹ್ನ ಹಜರತ್ ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ಅಮ್ಮ ಇಳಿದರು. ಜೊತೆಗೆ ಅಣ್ಣನ ಮಗ, ಎರಡು ಚೀಲ, ಒಂದು ಡಬ್ಬಿ ಮಾವಿನ ಮಿಡಿ, ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಚಾಪೆ. ಚಾಪೆ ಯಾಕೆಂದು ಕೇಳಿದ್ದಕ್ಕೆ, "ಹಪ್ಪಳ ಮಾಡ್ಲಿಕ್ಕೆ" ಎಂದರು. ಊರಿನಲ್ಲಿ ಪ್ರತಿ ಮೇ ತಿಂಗಳಿನಲ್ಲಿ ನಾವೆಲ್ಲ ಕೂಡಿ ಮಾಡುವ ಹಲಸಿನ ಹಪ್ಪಳವನ್ನು ಈ ವರ್ಷ ನಮಗಾಗಿ ದಿಲ್ಲಿಯಲ್ಲೇ ಮಾಡುವುದೆಂದು ನಿಶ್ಚಯ ಮಾಡಿಕೊಂಡೇ ಬಂದಿದ್ದರು.

ದಿಲ್ಲಿಯವರು ಹಲಸನ್ನು ಎಳೆಯದಾಗಿಯೇ ಕಡಿದು ಪಲ್ಯ ಮಾಡುತ್ತಾರೆ. ಬಲಿತ ಕಾಯಿಗಾಗಿ ಐಎನ್‌ಎ ಮಾರುಕಟ್ಟೆಯ ಕೇರಳದವರ ಅಂಗಡಿಗೆ ಹೋದೆವು. ಅಮ್ಮ ಕಾಯಿಯನ್ನು ಬೆರಳಿನಿಂದ ಬಡಿದು ನೋಡಿದರು, ಬೆಲೆ ಕೇಳಿದರು, "ಈ ದುಡ್ಡಿಗೆ ಊರಲ್ಲಿ ಮರವನ್ನೇ ಕೊಡ್ತಾರೆ ಮಾರಾಯ್ರೆ" ಎಂದು ಅಂಗಡಿಯವನಿಗೆ ಕನ್ನಡದಲ್ಲೇ ಹೇಳಿದರು. ಅವನು ನಕ್ಕು ಹತ್ತು ರೂಪಾಯಿ ಬಿಟ್ಟ. ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಉಪ್ಪು ಮೆಣಸು ಹಾಕಿ ಕುಟ್ಟಿ, ಉಂಡೆ ಮಾಡಿ, ಎಣ್ಣೆ ಸವರಿದ ಹಾಳೆಗಳ ನಡುವೆ ಒತ್ತಿ, ಬೆಳಗ್ಗೆ ಏಳಕ್ಕೆ ತಾರಸಿಯ ಮೇಲೆ ಚಾಪೆ ಹಾಸಿ ಹರವಿದ್ದಾಯಿತು. ಕರಾವಳಿಯಲ್ಲಿ ಹಪ್ಪಳಕ್ಕೆ ಮೂರು ದಿನದ ಬಿಸಿಲು ಬೇಕು. ಮೋಡ ಕಂಡರೆ ಮನೆಮಂದಿಯೆಲ್ಲ ಓಡಬೇಕು. ಇಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಹೋಗಿ ನೋಡಿದರೆ ಹಪ್ಪಳಗಳು ಒಣಗಿ, ಅಂಚು ಮೇಲೆದ್ದು, ಬಟ್ಟಲುಗಳಂತೆ ಕುಳಿತಿದ್ದುವು. ಅಮ್ಮ ಒಂದನ್ನು ಎತ್ತಿ ಸೂರ್ಯನ ಕಡೆ ಹಿಡಿದು, "ಇದು ಒಣಗಿದ್ದಲ್ಲ, ಬೆಂದದ್ದು" ಎಂದು ತೀರ್ಪು ಕೊಟ್ಟರು. ಎರಡನೆಯ ಸಲದ ಹಪ್ಪಳಕ್ಕೆ ಸಂಜೆ ಆಂಧಿ ಎದ್ದು ರಾಜಸ್ಥಾನದ ಮಣ್ಣೆಲ್ಲ ಬಂದು ಕೂತಿತು. ಮೂರನೆಯದು ಚೆನ್ನಾಗಿ ಬಂತು. ಮೇಲಿನ ಹೊಲಿ ಸೀರೆಯನ್ನು ಮುಚ್ಚಿ ನೆರಳಿನಲ್ಲಿ ಒಣಗಿಸುವ ಉಪಾಯವನ್ನು ಅವರೇ ಕಂಡುಹಿಡಿದರು.

ಬಿಸಿಲೇರುವ ಮುನ್ನ ಒಂದು ದಿನ ಬೆಳಗಿನ ಜಾವ ಲೋದಿ ಉದ್ಯಾನಕ್ಕೆ ಕರೆದುಕೊಂಡು ಹೋದೆವು. ಹೋಗುವಾಗ ಲೋದಿ ಎಸ್ಟೇಟಿನ ಕನ್ನಡ ಶಾಲೆಯ ಮುಂದೆ ಆಟೋ ನಿಲ್ಲಿಸಿದೆವು. ರಜೆ, ಬಾಗಿಲು ಹಾಕಿತ್ತು. ಅಮ್ಮ ಇಳಿದು ಫಲಕದ ಕನ್ನಡ ಅಕ್ಷರಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿ, ಸರಿಯಾಗಿದೆಯೆಂದು ಒಪ್ಪಿ, ಮತ್ತೆ ಹತ್ತಿದರು. ಉದ್ಯಾನದೊಳಗೆ ಮಹಮ್ಮದ್ ಷಾನ ಗೋರಿಯನ್ನು ತೋರಿಸಿ, ಇಲ್ಲಿ ಮೊದಲು ಖೈರ್‌ಪುರ ಎಂಬ ಹಳ್ಳಿಯಿತ್ತು, ಆ ಜನರನ್ನು ಎಬ್ಬಿಸಿ 1936ರಲ್ಲಿ ವೈಸರಾಯರ ಪತ್ನಿಯ ಹೆಸರಿನಲ್ಲಿ ಈ ತೋಟ ಮಾಡಿದರೆಂದು ಮೇಷ್ಟ್ರ ಧಾಟಿಯಲ್ಲಿ ವಿವರಿಸಿದೆವು. ಅಮ್ಮ ಗೋರಿಯ ಕಡೆ ನೋಡಲೇ ಇಲ್ಲ. "ಆ ಹಳ್ಳಿಯವರು ಎಲ್ಲಿಗೆ ಹೋದ್ರು?" ಎಂದು ಕೇಳಿದರು. ನಮ್ಮಿಬ್ಬರ ಓದಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಹೊರಗೆ ಬಂದು ಅಮೃತಾ ಶೇರ್‌ಗಿಲ್ ಮಾರ್ಗಕ್ಕೆ ತಿರುಗಿದಾಗ ಅವರು ತಟ್ಟನೆ ನಿಂತರು. ಇಡೀ ಬೀದಿಯ ಎರಡು ಬದಿಗೂ ಕಕ್ಕೆ ಮರ, ಎಲೆ ಕಾಣದಷ್ಟು ಹಳದಿ ಗೊಂಚಲು. ದಿಲ್ಲಿಯವರು ಅಮಲ್ತಾಸ್ ಎನ್ನುತ್ತಾರೆ. ನಾವು ಈ ಊರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇವೆ. ಮೇ ತಿಂಗಳ ಕೊನೆಯಲ್ಲಿ ಯಾವಾಗಲೂ ಊರಿನಲ್ಲಿರುತ್ತಿದ್ದ ಕಾರಣ ಆ ಬೀದಿಯನ್ನು ಅಷ್ಟು ತುಂಬಿದ ಹೂವಿನಲ್ಲಿ ನಾವೂ ಕಂಡಿರಲಿಲ್ಲ. "ನಮ್ಮಲ್ಲಿ ವಿಷುವಿಗೇ ಮುಗಿದುಹೋಯ್ತಲ್ಲ ಇದು" ಎಂದು ಅಮ್ಮ ನೆಲದಿಂದ ಒಂದು ಗೊಂಚಲು ಹೆಕ್ಕಿ ಸೆರಗಿನಲ್ಲಿ ಹಾಕಿಕೊಂಡರು. ವಿಷುವಿನ ಕಕ್ಕೆಯನ್ನು ನಾವು ಎಷ್ಟೋ ವರ್ಷದಿಂದ ತಪ್ಪಿಸಿಕೊಂಡಿದ್ದೆವಷ್ಟೆ. ಮನೆಗೆ ಬಂದು ದೇವರ ಮುಂದೆ ಒಂದು ತಟ್ಟೆಯಲ್ಲಿ ಅಕ್ಕಿ, ಸೌತೆಕಾಯಿ, ಕನ್ನಡಿ, ಆ ಹೂವು ಇಟ್ಟು, ಮರುದಿನ ಬೆಳಗ್ಗೆ ಕಣ್ಣು ಮುಚ್ಚಿಕೊಂಡು ಬನ್ನಿರೆಂದು ನಮ್ಮನ್ನು ಕರೆದರು. ಮೇ ತಿಂಗಳಲ್ಲಿ ವಿಷು ಕಣಿ. ಶಾಸ್ತ್ರ ಬಲ್ಲವರು ಕ್ಷಮಿಸಬೇಕು.

24ಕ್ಕೆ ನಮ್ಮಲ್ಲೊಬ್ಬರು ಮತಯಂತ್ರದ ಪೆಟ್ಟಿಗೆಯೊಡನೆ ಹೋಗಿ ರಾತ್ರಿ ಮತಗಟ್ಟೆಯಲ್ಲೇ ಮಲಗಿ, ಮರುದಿನ ಮತದಾನ ಮುಗಿಸಿ, ಎಲ್ಲ ಒಪ್ಪಿಸಿ ಮನೆಗೆ ಬಂದದ್ದು ನಡುರಾತ್ರಿ ಕಳೆದ ಮೇಲೆ. ಅಮ್ಮ ಎಚ್ಚರವಾಗಿದ್ದು ಗಂಜಿ ಬಡಿಸಿದರು. ಮಿಡಿ ಉಪ್ಪಿನಕಾಯಿ, ಮೂರನೆಯ ಸಲದ ಹಪ್ಪಳ. ಎರಡು ದಿನ ಕಳೆದು ಅಣ್ಣನ ಮಗ ಹಿಂದಿರುಗಿದ, ಅವನಿಗೆ ಕಾಲೇಜು. ಅಮ್ಮ ಉಳಿದರು.

ಮೇ 29ನ್ನು ನಾವು ಮರೆಯುವಂತಿಲ್ಲ. ಆ ದಿನ ಸಫ್ದರ್‌ಜಂಗ್ ಮಾಪನದಲ್ಲಿ 46.8 ಡಿಗ್ರಿ, ಎಪ್ಪತ್ತೊಂಬತ್ತು ವರ್ಷಗಳಲ್ಲಿ ಅಷ್ಟು ಕಂಡಿರಲಿಲ್ಲವೆಂದು ಹವಾಮಾನದವರು ಹೇಳಿದರು. ಮುಂಗೇಶ್‌ಪುರದಲ್ಲಿ 52.9 ಎಂದು ಬಂದ ಸುದ್ದಿ ದೇಶವನ್ನೆಲ್ಲ ಬೆಚ್ಚಿಸಿತು. ಅದು ಯಂತ್ರದ ದೋಷವೆಂದು ಆಮೇಲೆ ತಿಳಿಯಿತು. ನಮ್ಮ ಮೂರನೆಯ ಮಹಡಿಗೆ ಯಂತ್ರ ಬೇಕಿರಲಿಲ್ಲ. ಮಧ್ಯಾಹ್ನ ಕರೆಂಟು ಹೋಯಿತು. ಒಂದು ಗಂಟೆಯಲ್ಲಿ ಅಮ್ಮನ ಮಾತು ಕಡಿಮೆಯಾಯಿತು, ಅರ್ಧ ಗಂಟೆಯಲ್ಲಿ ನಿಂತಿತು. ಮೈ ಕಾದ ಬೋಗುಣಿಯಂತಿತ್ತು. ಒದ್ದೆ ಬಟ್ಟೆ ಹೊದಿಸಿ, ಬೀಸುತ್ತ, ಕೆಳಗಿನ ಮನೆಯವರ ಕಾರಿನಲ್ಲಿ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆವು. ಎರಡು ಬಾಟಲಿ ಗ್ಲೂಕೋಸು ಏರಿಸಿದ ಮೇಲೆ ಕಣ್ಣು ಬಿಟ್ಟರು. ನಾವಿಬ್ಬರೂ ಮಂಚದ ಆಚೆ ಈಚೆ ಕುಳಿತಿದ್ದೆವು, ಒಬ್ಬರನ್ನೊಬ್ಬರು ನೋಡಲಿಲ್ಲ. ನಮ್ಮ ರಜೆಯ ಲೆಕ್ಕಕ್ಕೆ ಅವರ ಪ್ರಾಣವನ್ನು ಒತ್ತೆಯಿಟ್ಟೆವಲ್ಲ ಎಂಬುದೊಂದೇ ಇಬ್ಬರ ತಲೆಯಲ್ಲಿಯೂ.

ಮರುದಿನ "ನನ್ನನ್ನು ಊರಿಗೆ ಕಳಿಸಿ" ಎಂದರು. ಟಿಕೆಟಿರಲಿಲ್ಲ. ಪ್ರತಿ ಗಾಡಿಗೂ ಕಾಯುವವರ ಪಟ್ಟಿ ಇನ್ನೂರರ ಮೇಲೆ. ವಿಮಾನಕ್ಕೆ ಒಪ್ಪಲಿಲ್ಲ. ಕೆಳಗಿನ ಮನೆಯವರು ಹಗಲು ಹೊತ್ತು ತಮ್ಮ ಕೋಣೆಯೊಂದನ್ನು ಬಿಟ್ಟುಕೊಟ್ಟರು. ಪಂಜಾಬಿ ಅಜ್ಜಿಯೊಬ್ಬರು ಅಲ್ಲಿದ್ದರು. ಭಾಷೆ ಬಾರದ ಇಬ್ಬರು ಮುದುಕಿಯರು ಜೂನ್ ತಿಂಗಳೆಲ್ಲ ಒಂದೇ ಫ್ಯಾನಿನ ಕೆಳಗೆ ಕುಳಿತು ಅದೇನು ಮಾತಾಡಿದರೋ ನಮಗೆ ಇಂದಿಗೂ ತಿಳಿಯದು. ನಲ್ಲಿಯಲ್ಲಿ ನೀರು ಬರುತ್ತಿದ್ದುದು ದಿನಕ್ಕೆ ಒಂದು ಹೊತ್ತು. ಬಾವಿಯ ನೀರಿನಲ್ಲಿ ಎಪ್ಪತ್ತಾರು ವರ್ಷ ಕಳೆದ ಅಮ್ಮ ಒಂದು ಚೊಂಬಿನಲ್ಲಿ ಕೈಕಾಲು ಮುಖ ತೊಳೆಯುವುದನ್ನು ಕಲಿತರು.

ಶಾಲೆ ಜುಲೈ 1ಕ್ಕೆ ತೆರೆಯುವುದಾದರೂ ನಮಗೆ ಜೂನ್ 28ಕ್ಕೇ ಬರಹೇಳಿದ್ದರು. ಆ ದಿನ ಬೆಳಗಿನ ಜಾವ ಯಾರೋ ತಗಡಿನ ಮೇಲೆ ಕಲ್ಲು ಸುರಿದಂತೆ ಸದ್ದಾಯಿತು. ಎದ್ದು ನೋಡಿದರೆ ಅಮ್ಮ ಬಾಲ್ಕನಿಯಲ್ಲಿ ನಿಂತಿದ್ದಾರೆ, ಸೀರೆ ಅರ್ಧ ನೆನೆದಿದೆ. ಬೆಳಗ್ಗೆ ಎಂಟೂವರೆಗೆ ಮುಗಿದ ಇಪ್ಪತ್ತನಾಲ್ಕು ಗಂಟೆಯಲ್ಲಿ ಸಫ್ದರ್‌ಜಂಗಿನಲ್ಲಿ 228 ಮಿಲಿಮೀಟರ್ ಬಿತ್ತು. ಜೂನ್ ತಿಂಗಳಲ್ಲಿ ಅಂಥ ಮಳೆ 1936ರ ಈಚೆಗೆ ಬಂದಿರಲಿಲ್ಲ. ಅದು ಬರಿಯ ಸಂತೋಷದ ಮಳೆಯಲ್ಲ. ವಿಮಾನ ನಿಲ್ದಾಣದ ಮೊದಲನೆಯ ಟರ್ಮಿನಲಿನ ಚಾವಣಿ ಕುಸಿದು ಒಬ್ಬರ ಜೀವ ಹೋಯಿತು, ಬೀದಿಗಳೆಲ್ಲ ಕೆರೆಯಾದುವು. ಅದು ಆಗ ನಮಗೆ ತಿಳಿದಿರಲಿಲ್ಲ. ಅಮ್ಮ ಕೈ ಹೊರಗೆ ಚಾಚಿ, "ನಮ್ಮದೇ ಮಳೆ. ನಾನು ಬಂದು ನಲ್ವತ್ತೈದು ದಿವಸ ಆಯ್ತು, ಇದು ಈಗ ಬಂತು" ಎಂದರು. ನಾವು ಪ್ಯಾಂಟು ಸೀರೆ ಮಡಚಿಕೊಂಡು ಮೊಣಕಾಲು ನೀರಿನಲ್ಲಿ ಶಾಲೆಗೆ ಹೊರಟೆವು. ಮೇಲಿನಿಂದ "ಕೊಡೆ! ಕೊಡೆ!" ಎಂದು ಕೂಗುತ್ತಿದ್ದರು, ಶಾಲೆಯ ಮಕ್ಕಳಿಗೆ ಕೂಗುವಂತೆ.

ಜುಲೈ ಮೊದಲ ವಾರದಲ್ಲಿ ಸಂಘದ ಒಂದು ಕುಟುಂಬ ಉಡುಪಿಗೆ ಹೊರಟಿತ್ತು. ಅವರ ಜೊತೆಗೆ ಅಮ್ಮನನ್ನು ಕಳಿಸಿಕೊಟ್ಟೆವು. ಕೊಂಕಣ ರೈಲಿಗೆ ಮಳೆಗಾಲದ ವೇಳಾಪಟ್ಟಿ, ಗಾಡಿ ನಿಧಾನ. ತಲುಪಿದ ಸುದ್ದಿ ಬರುವವರೆಗೆ ನಮಗೆ ನಿದ್ದೆಯಿಲ್ಲ.

2025ಕ್ಕೆ ಮೊದಲು ನಾವು ಮಾಡಿದ ಕೆಲಸವೆಂದರೆ ಟಿಕೆಟು. 2024ರ ನವೆಂಬರಿನಿಂದ ಅರುವತ್ತು ದಿನ ಮುಂಚೆ ಮಾತ್ರ ತೆಗೆಸಲು ಸಾಧ್ಯ. ಮಾರ್ಚ್ 12ರ ಬೆಳಗ್ಗೆ ಎಂಟು ಗಂಟೆಗೆ ಇಬ್ಬರೂ ಎರಡು ಫೋನು ಹಿಡಿದು ಕುಳಿತು ಮೇ 11ರ ಗಾಡಿಯಲ್ಲಿ ಜಾಗ ಸಂಪಾದಿಸಿದೆವು. ಹದಿನೆಂಟು ದಿನ ಪೂರ್ತಿ ನಮ್ಮದೆಂದು ಹೋದರೆ, ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದು, ಬೆನ್ನಿಗೇ ನಮ್ಮ ಅಂಗಳಕ್ಕೂ ಬಂತು. ಚಾಪೆಯ ಮೇಲೆ ಇನ್ನೂರು ಹಪ್ಪಳ ಅರ್ಧ ಒಣಗಿದ್ದುವು. ಮಕ್ಕಳು, ಅಣ್ಣ, ಭಾವ, ನಾವು ಎಲ್ಲರೂ ಓಡಿ ಎತ್ತಿದೆವು. ಅಮ್ಮ ಜಗಲಿಯಲ್ಲಿ ಕುಳಿತು ಆಕಾಶ ನೋಡಿ, "ನಿಮ್ಮ ಡೆಲ್ಲಿಯ ಬಿಸಿಲು ಎರಡು ಗಂಟೆ ಸಿಕ್ಕಿದ್ರೆ ಸಾಕಿತ್ತು" ಎಂದರು. ನಾವು ಹೊರಡುವ ದಿನ ಆ ಹಪ್ಪಳಗಳನ್ನೆಲ್ಲ ಬಾಳೆಯೆಲೆಯ ನಡುನಡುವೆ ಇಟ್ಟು ಕಟ್ಟಿ ಕೊಟ್ಟರು. ಜೊತೆಗೆ ಹಳೆಯ ಹೊಲಿ ಸೀರೆಯೊಂದು, ಮೇಲೆ ಮುಚ್ಚಲು.

ದಿಲ್ಲಿಗೆ ಬಂದ ಮರುದಿನ ತಾರಸಿಯ ಮೇಲೆ ಹರವಿದೆವು. ಮಧ್ಯಾಹ್ನ ಒಂದು ಗಂಟೆಗೆ ಒಣಗಿದ್ದುವು. ಅರ್ಧವನ್ನು ಕೆಳಗಿನ ಮನೆಯ ಅಜ್ಜಿಗೆ ಕೊಟ್ಟೆವು.